ನೆರೆಮನೆಯ ಗೋಪುರಗಳ ಒಪ್ಪಂದ

ಮೊಬೈಲ್ ಫೋನಿನಲ್ಲಿ ದನಿ ತುಂಡುತುಂಡಾದರೆ ಗೋಪುರ ದೂರವಿದೆಯೆಂದು ಜನ ಶಪಿಸುವುದುಂಟು. ಅನೇಕ ವೇಳೆ ತೊಂದರೆ ದೂರದ್ದಲ್ಲ. ಎರಡು ಗೋಪುರಗಳು ಏಕಕಾಲಕ್ಕೆ ಕೇಳಿಬರುತ್ತಿರುವುದೇ ಅದರ ಮೂಲ. ಮದುವೆಯ ಚಪ್ಪರದಲ್ಲಿ ಒಂದು ಕಿವಿಗೆ ಓಲಗ, ಇನ್ನೊಂದು ಕಿವಿಗೆ ಹಸೆಹಾಡು ಬೀಳುತ್ತಿರುವಾಗ ಪಕ್ಕದವರ ಮಾತು ಕೇಳಬಯಸುವವನ ಪಾಡು ಅದು.

ಅಮೆರಿಕದ ಬೆಲ್ ಪ್ರಯೋಗಾಲಯದ ಡಿ. ಎಚ್. ರಿಂಗ್ ಎಂಬವರು 1947ರ ಡಿಸೆಂಬರಿನಲ್ಲಿ ಬರೆದ ಟಿಪ್ಪಣಿಯೊಂದರಲ್ಲಿ, ಪ್ರದೇಶವನ್ನು ಜೇನುಗೂಡಿನ ಕಣಗಳಂತೆ ವಿಭಾಗಿಸುವ ಉಪಾಯವನ್ನು ಸೂಚಿಸಿದ್ದರು. ಕಣಕ್ಕೊಂದು ಗೋಪುರ, ಅಕ್ಕಪಕ್ಕದವಕ್ಕೆ ಬೇರೆ ಬೇರೆ ಆವರ್ತನ. 1983ರಲ್ಲಿ ಷಿಕಾಗೋ ನಗರದಲ್ಲಿ ಆರಂಭವಾದ ಸೇವೆ ಈ ತತ್ತ್ವದ್ದೇ. ಜಗಳವೇನೋ ತಪ್ಪಿತು; ಆದರೆ ಏಳು ಪಾಲು ಮಾಡಿದ ಆಸ್ತಿಯಲ್ಲಿ ಒಬ್ಬೊಬ್ಬರಿಗೆ ಸಿಗುವುದೆಷ್ಟು?

2009ರ ಡಿಸೆಂಬರಿನಲ್ಲಿ ಸ್ಟಾಕ್‌ಹೋಮ್ ಮತ್ತು ಓಸ್ಲೊ ನಗರಗಳಲ್ಲಿ ಮೊದಲಾದ ನಾಲ್ಕನೆಯ ತಲೆಮಾರಿನ ಜಾಲದಲ್ಲಿ ಪಾಲುಪಟ್ಟಿ ಬೇಕಿಲ್ಲ. ಎಲ್ಲ ಗೋಪುರಗಳೂ ಒಂದೇ ಆವರ್ತನವನ್ನು ಬಳಸಬಲ್ಲವು. ವೇಗ ಹೆಚ್ಚಿತು. ಅದರ ಬೆಲೆ ತೆತ್ತವರು ಮಾತ್ರ ಎರಡು ಕಣಗಳ ಗಡಿಯಲ್ಲಿ ವಾಸಿಸುವವರು. ಆದುದರಿಂದ ಗೋಪುರಗಳು ಪರಸ್ಪರ ಸಂದೇಶ ಕಳುಹಿಸಲು ‘ಎಕ್ಸ್2’ ಎಂಬ ಮಾರ್ಗವನ್ನು ಏರ್ಪಡಿಸಲಾಗಿದೆ. ತಾನು ಯಾವ ಆವರ್ತನಗಳಲ್ಲಿ ಗಟ್ಟಿಯಾಗಿ ನುಡಿಯಲಿದ್ದೇನೆಂದು ಒಂದು ಗೋಪುರ ಮೊದಲೇ ತಿಳಿಸಿದರೆ, ನೆರೆಯದು ತನ್ನ ಗಡಿಯವರನ್ನು ಬೇರೆಡೆಗೆ ಸರಿಸಿಕೊಳ್ಳುತ್ತದೆ.

ದೊಡ್ಡ ಗೋಪುರದ ಮಗ್ಗುಲಲ್ಲಿ ಚಿಕ್ಕದೊಂದು ನಿಂತಾಗಲಂತೂ ಒಪ್ಪಂದ ಇನ್ನೂ ಸೂಕ್ಷ್ಮ. ಈ ಜಾಲದಲ್ಲಿ ಕಾಲವನ್ನು ಒಂದೊಂದು ಮಿಲಿಸೆಕೆಂಡಿನ ತುಣುಕುಗಳಾಗಿ ಕತ್ತರಿಸಲಾಗಿದೆ. ದೊಡ್ಡದು ಕೆಲವು ತುಣುಕುಗಳಲ್ಲಿ, ಅತ್ಯಗತ್ಯವಾದ ಗುರುತಿನ ಸಂಕೇತಗಳ ಹೊರತು, ಮೌನ ವಹಿಸುತ್ತದೆ. ಆ ಬಿಡುವಿನಲ್ಲಿ ಚಿಕ್ಕದು ತನ್ನ ಅಂಚಿನವರನ್ನು ಮಾತನಾಡಿಸಿ ಮುಗಿಸುತ್ತದೆ. ಇದೇನೂ ಪುಕ್ಕಟೆಯ ಔದಾರ್ಯವಲ್ಲ: ಬಿಟ್ಟುಕೊಟ್ಟಷ್ಟು ಹೊತ್ತು ದೊಡ್ಡ ಗೋಪುರದ ಗಿರಾಕಿಗಳು ಕಾಯಬೇಕು. ಎಷ್ಟು ಬಿಡಬೇಕೆಂಬುದೇ ಎಂಜಿನಿಯರರ ತಲೆನೋವು.

ಇದಕ್ಕೂ ಮುಂದಿನ ಹೆಜ್ಜೆಯೊಂದುಂಟು. ಎರಡು ಗೋಪುರಗಳು ಒಂದೇ ಸಂದೇಶವನ್ನು ಒಬ್ಬನಿಗೇ ಒಟ್ಟಾಗಿ ರವಾನಿಸಿದರೆ, ಅಡ್ಡಿಯಾಗುತ್ತಿದ್ದ ಅಲೆಯೇ ಆಸರೆಯಾಗುತ್ತದೆ. ಓದಲು ಸೊಗಸು, ಮಾಡಲು ಕಷ್ಟ. ಎರಡರ ಗಡಿಯಾರಗಳೂ ಮೈಕ್ರೋಸೆಕೆಂಡುಗಳ ಮಟ್ಟಿಗೆ ಹೊಂದಿರಬೇಕು. ಫೋನಿನತ್ತ ಸಾಗುವ ಅಲೆಗಳ ಸ್ಥಿತಿಗತಿ ಎರಡಕ್ಕೂ ಆ ಕ್ಷಣವೇ ತಿಳಿದಿರಬೇಕು. ಕೆಲವೆಡೆ ಹಲವು ಗೋಪುರಗಳ ಲೆಕ್ಕಾಚಾರವನ್ನು ಒಂದೇ ಕೊಠಡಿಗೆ ತಂದು, ಗಾಜಿನೆಳೆಯ ತಂತಿಗಳಿಂದ ಜೋಡಿಸಿರುವುದು ಈ ಕಾರಣಕ್ಕೂ ಹೌದು. ಚಲಿಸುವ ಬಸ್ಸಿನೊಳಗಿನ ಫೋನಿಗೆ ಹತ್ತಿಪ್ಪತ್ತು ಮಿಲಿಸೆಕೆಂಡು ಹಿಂದಿನ ಸುದ್ದಿಯೂ ಹಳಸಿದ ಸುದ್ದಿಯೇ.