ಫಲಕವಿಲ್ಲದ ಮರಗಳ ಬಯಲಿನಲ್ಲಿ

ಮರ ನೋಡಲು ಹೋಗುವುದೆಂದರೆ ನಮ್ಮ ಕಡೆಯವರಿಗೆ ಒಂದೋ ಪಿಲಿಕುಳ, ಇಲ್ಲದಿದ್ದರೆ ಬೆಂಗಳೂರಿನ ಲಾಲ್‌ಬಾಗ್. ಪಿಲಿಕುಳದ ಸಸ್ಯವನದಲ್ಲಿ ಪಶ್ಚಿಮಘಟ್ಟದ ಮರಗಳು ಹೆಸರಿನ ಫಲಕದೊಂದಿಗೆ ನಿಂತಿವೆ, ಮಕ್ಕಳು ಓದಿಕೊಂಡು ನಡೆಯುತ್ತಾರೆ. ಈ ಸಲ ರಜೆಯಲ್ಲಿ ನಾವು ನಾಲ್ಕೈದು ಉಸ್ತಾದರು ಚಳ್ಳಕೆರೆ, ಮೊಳಕಾಲ್ಮೂರಿಗೆ ಹೊರಟಾಗ "ಅಲ್ಲಿ ನೋಡ್ಲಿಕ್ಕೆ ಎಂಥ ಉಂಟು, ಬರೀ ಬಯಲು" ಎಂದವರೇ ಜಾಸ್ತಿ.

ಬಯಲು ಹೌದು. ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿ.ಮೀ. ದಾಟುವ ಮಳೆ ಇಲ್ಲಿ 500ರ ಆಸುಪಾಸು. ಆದರೂ ಹೊಲದ ಬದುವಿನಲ್ಲಿ ಬೇವು, ಹುಣಸೆ ಇವೆ. ಕಲ್ಲುಗುಡ್ಡದ ಕಡೆ ಕಮರ. ಅದರ ಎಲೆ ಚಿಟ್ಟೆಯ ರೆಕ್ಕೆಯ ಹಾಗೆ ಎರಡೆರಡು. ಸೊಪ್ಪು ಮೇವಿಗೆ, ತೊಗಟೆಯ ನಾರು ಹಗ್ಗಕ್ಕೆ, ಮರವಂತೂ ಕಬ್ಬಿಣ. ರಸ್ತೆಬದಿ ತುಂಬಿಕೊಂಡ ಬಳ್ಳಾರಿ ಜಾಲಿ ಮಾತ್ರ ಹೆಸರಿಗಷ್ಟೇ ಬಳ್ಳಾರಿಯದು, ಮೂಲ ಅಮೆರಿಕ ಖಂಡದ್ದು.

ಕುರಿ ಕಾಯುತ್ತಿದ್ದ ಹಿರಿಯರೊಬ್ಬರಲ್ಲಿ ಒಂದು ಮುಳ್ಳುಗಿಡದ ಹೆಸರು ಕೇಳಿದೆವು. "ಎಲಚಿ ಸಾಬ್ರೇ" ಅಂದರು. ನೋಡಿದರೆ ಅದೇ ಬೋರೆ ಹಣ್ಣಿನ ಗಿಡ! ಅರಬಿಯ ಸಿದ್ರ್ ಬಳಗದ್ದು. ಮಯ್ಯಿತ್ ತೊಳೆಯುವ ನೀರಿಗೆ ಹಾಕುವ ಎಲೆಯೆಂದು ಕಿತಾಬಿನಲ್ಲಿ ಓದಿಸುತ್ತೇವಲ್ಲ, ಇಲ್ಲಿ ಕುರಿಗಳು ಅದನ್ನು ಆರಾಮಾಗಿ ಮೇಯುತ್ತಿದ್ದವು.

ಈ ಬಯಲಿಗೆ ಒಂದು ಚರಿತ್ರೆಯೂ ಇದೆ. 1760ರಲ್ಲಿ ಲಾಲ್‌ಬಾಗ್ ಶುರು ಮಾಡಿದ ಹೈದರಾಲಿಯ ಫಿರಂಗಿ ಎಳೆದದ್ದು ಮೈಸೂರು ಅರಸರ ಕಾಲದಿಂದ ಸಾಕಿಕೊಂಡು ಬಂದ ಎತ್ತುಗಳು. ಆ ತಳಿಗೆ, ಅದರ ಇಲಾಖೆಗೆ ಅಮೃತ್ ಮಹಲ್ ಎಂದು ಹೆಸರಿಟ್ಟವರು ಟಿಪ್ಪು. ಅವುಗಳ ಮೇವಿಗೆ ಬಿಟ್ಟ ಹುಲ್ಲುಗಾವಲುಗಳೇ ಕಾವಲುಗಳು. ಪರದೇಶದ ಬೀಜ ತರಿಸಿ ತೋಟ ಬೆಳೆಸಿದ ಮನೆತನವೇ ಹುಲ್ಲಿಗೂ ಬೆಲೆ ಕೊಟ್ಟಿತ್ತು.

ಲಾಲ್‌ಬಾಗ್ 240 ಎಕರೆ. ಚಳ್ಳಕೆರೆ ತಾಲೂಕಿನಲ್ಲಿ ಡಿಆರ್‌ಡಿಒ, ಭಾಭಾ ಅಣು ಸಂಶೋಧನಾ ಕೇಂದ್ರ, ಇಸ್ರೋ ಮುಂತಾದವಕ್ಕೆ ಕೊಟ್ಟ ಕಾವಲು ಜಮೀನು ಸುಮಾರು 10,000 ಎಕರೆ, ಅಂದರೆ ನಲವತ್ತು ಲಾಲ್‌ಬಾಗ್. ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೇ 1,500 ಎಕರೆ. ದೇಶಕ್ಕೆ ವಿಜ್ಞಾನ ಬೇಕು, ಅದರಲ್ಲಿ ತಕರಾರಿಲ್ಲ. ಆದರೆ ಅದು ಯಾರಿಗೂ ಬೇಡದ ಖಾಲಿ ಜಾಗವಾಗಿರಲಿಲ್ಲ. ದನ, ಕುರಿ, ಕಂಬಳಿ ನೇಯುವವರ ಉಣ್ಣೆ, ಎಲ್ಲದಕ್ಕೂ ಆ ಹುಲ್ಲೇ ಆಧಾರ. ಗೋಡೆ ಎದ್ದಾಗ ಊರವರು ಹಸಿರು ನ್ಯಾಯಮಂಡಳಿಯವರೆಗೂ ಹೋದರು. ಲಾಲ್‌ಬಾಗಿನಲ್ಲಿ ನಾಲ್ಕು ಮರ ಕಡಿಯುತ್ತಾರೆಂದರೆ ಪೇಟೆಯೇ ಎದ್ದು ನಿಲ್ಲುತ್ತದೆ. ಹುಲ್ಲಿಗೆ ಆ ಭಾಗ್ಯ ಇಲ್ಲ.

ಮೊಳಕಾಲ್ಮೂರು ಎಂದರೆ ನಮ್ಮ ಹೆಂಗಸರಿಗೆ ರೇಷ್ಮೆ ಸೀರೆ. ಅದೇ ತಾಲೂಕಿನ ಬ್ರಹ್ಮಗಿರಿಯಲ್ಲಿ ಬಂಡೆಯ ಮೇಲೆ ಅಶೋಕನ ಶಾಸನವಿದೆ. ದಾರಿಬದಿ ಆಲದ ಮರ ನೆಡಿಸಿದೆ ಎಂದು ಅಶೋಕ ಹೇಳಿದ್ದು ಇದರಲ್ಲಲ್ಲ, ದೆಹಲಿಯ ಕಂಬದಲ್ಲಿ. ಆ ಕಂಬವನ್ನು ಜೋಪಾನವಾಗಿ ದೆಹಲಿಗೆ ಸಾಗಿಸಿದವರು ಸುಲ್ತಾನ್ ಫಿರೋಜ್ ಷಾ ತುಘಲಕ್.

ಹೋಗುವವರು ಮಳೆ ಮುಗಿಯುವ ಅಕ್ಟೋಬರ್, ನವೆಂಬರಿನಲ್ಲಿ ಹೋಗಿ, ಹುಲ್ಲು ಎದ್ದು ನಿಂತಿರುತ್ತದೆ. ಗೋಡೆಯೊಳಗೆ ಬಿಡುವುದಿಲ್ಲ, ಹೊರಗೂ ನೋಡಲಿಕ್ಕೆ ಬೇಕಾದಷ್ಟಿದೆ. ಮರಗಳಿಗೆ ಫಲಕ ಇಲ್ಲ. ಕುರಿ ಕಾಯುವವರನ್ನು ಕೇಳಿ, ಹೇಳ್ತಾರೆ.