ತರಗತಿಯಲ್ಲಿ ನಿದ್ರಿಸುತ್ತಿದ್ದ ಹುಡುಗ

ಸುವರ್ಣ ಮಹೋತ್ಸವದ ಈ ಸ್ಮರಣ ಸಂಚಿಕೆಗೆ ಶಾಲೆಯ ಹಳೆಯ ನೆನಪುಗಳನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದರು. ಶಾಲೆ ಬೆಳೆದು ಬಂದ ಬಗೆಯನ್ನು ಬರೆಯಬಲ್ಲವರು ಅನೇಕರಿದ್ದಾರೆ. ನಾನು ಒಬ್ಬನೇ ಒಬ್ಬ ವಿದ್ಯಾರ್ಥಿಯ ವಿಷಯವನ್ನೂ ಅವನಿಗಿದ್ದ ಕಾಯಿಲೆಯ ವಿಷಯವನ್ನೂ ಬರೆಯಲು ನಿಶ್ಚಯಿಸಿದ್ದೇನೆ. ಅವನ ಒಪ್ಪಿಗೆಯನ್ನು ಪಡೆದಿದ್ದೇನೆ. ಹೆಸರನ್ನು ಮಾತ್ರ ಬರೆಯುವುದಿಲ್ಲ. ನಾನು ವೈದ್ಯನಲ್ಲ. ಓದಿ, ಬಲ್ಲವರನ್ನು ಕೇಳಿ ತಿಳಿದುಕೊಂಡದ್ದನ್ನು ಇಲ್ಲಿ ಹೇಳುತ್ತಿದ್ದೇನೆ.

1993ರ ಸೆಪ್ಟೆಂಬರ್ 30ರ ನಸುಕನ್ನು ಈ ಭಾಗದವರು ಯಾರೂ ಮರೆತಿಲ್ಲ. ಗಣೇಶ ವಿಸರ್ಜನೆ ಮುಗಿಸಿ ಮಲಗಿದ್ದ ಜನರ ಮೇಲೆ ಕಿಲ್ಲಾರಿ, ಸಾಸ್ತೂರು ಮೊದಲಾದ ಊರುಗಳಲ್ಲಿ ಕಲ್ಲುಮಣ್ಣಿನ ಮನೆಗಳು ಕುಸಿದವು. ಉಮರ್ಗಾ, ನಿಲಂಗಾ ತಾಲೂಕುಗಳ ಜನ ಅನೇಕ ತಿಂಗಳು ಮನೆಯೊಳಗೆ ಮಲಗಲು ಅಂಜಿ ಅಂಗಳದಲ್ಲಿ, ಹೊಲದಲ್ಲಿ, ತಗಡಿನ ಶೆಡ್ಡುಗಳಲ್ಲಿ ರಾತ್ರಿ ಕಳೆದರು. ಆ ವರ್ಷ ತರಗತಿಯಲ್ಲಿ ತೂಕಡಿಸದ ಮಕ್ಕಳೇ ಕಡಿಮೆ. ನಾವೂ ಸುಮ್ಮನಿದ್ದೆವು. ಆದರೆ ಮರುವರ್ಷ ಉಳಿದ ಮಕ್ಕಳೆಲ್ಲ ಚೇತರಿಸಿಕೊಂಡರೂ ಎಂಟನೆಯ ಇಯತ್ತೆಯ ಒಬ್ಬ ಹುಡುಗನ ನಿದ್ರೆ ಮಾತ್ರ ಬಿಡಲಿಲ್ಲ. ಪಾಠ ಕೇಳುತ್ತ, ಬರೆಯುತ್ತ, ಊಟದ ಡಬ್ಬಿಯಲ್ಲಿ ಕೈಯಿಟ್ಟುಕೊಂಡೇ ನಿದ್ರಿಸುತ್ತಿದ್ದನು. ಅವನ ನೋಟ್‌ಬುಕ್ಕಿನಲ್ಲಿ ಸಾಲುಗಳು ಮೊದಲು ನೆಟ್ಟಗಿದ್ದು, ಬರಬರುತ್ತ ಕೆಳಗಿಳಿದು ಗೆರೆಯಾಗಿ ಹೋಗುತ್ತಿದ್ದವು. ಹುಡುಗರು 'ಕುಂಭಕರ್ಣ'ನೆಂದರು, ಮರಾಠಿ ಬಲ್ಲವರು 'ಝೋಪಾಳೂ' ಎಂದರು.

ನಾನು ಅವನನ್ನು ಬೆಂಚಿನ ಮೇಲೆ ನಿಲ್ಲಿಸಿದೆ. ನಿಂತಲ್ಲಿಯೂ ತೂಗಿದನು. ಒಂದು ದಿನ ಪಕ್ಕದವನು ಏನೋ ನಗೆಮಾತು ಹೇಳಿದನೆಂದು ಕಾಣುತ್ತದೆ, ಇವನು ನಕ್ಕನು. ನಗುತ್ತಲೇ ದವಡೆ ಜೋತು, ಮೊಣಕಾಲು ಮಡಚಿ ಕುಸಿದು ಬಿದ್ದನು. ಕಣ್ಣು ತೆರೆದೇ ಇದ್ದವು. ನಿಮಿಷದೊಳಗೆ ಎದ್ದು ಕುಳಿತನು. ಸೋಗು ಹಾಕುತ್ತಾನೆಂದು ತಿಳಿದು ಛಡಿಯಿಂದ ಹೊಡೆದೆ. ತಂದೆಯನ್ನು ಕರೆಸಿದಾಗ ಆತ ಕೈಮುಗಿದು, "ಗುರುಗಳ, ರಾತ್ರಿ ಮನ್ಯಾಗೂ ಮಲಗತಾನ್ರಿ, ಹಗಲೂ ಮಲಗತಾನ್ರಿ. ನಾವರ ಏನ್ ಮಾಡೂದ್ರಿ?" ಎಂದನು. ರಾತ್ರಿ ಹುಡುಗನು ಎಚ್ಚರವಾಗಿ, ಎದೆಯ ಮೇಲೆ ಯಾರೋ ಕುಳಿತಿದ್ದಾರೆ, ಕೈಕಾಲು ಆಡುತ್ತಿಲ್ಲವೆಂದು ಆಮೇಲೆ ಅಳುತ್ತಿದ್ದನಂತೆ. ಭೂಕಂಪದಲ್ಲಿ ಸತ್ತವರ ಗಾಳಿ ಸೋಕಿದೆಯೆಂದು ತಾಯಿತ ಕಟ್ಟಿಸಿದರು. ಬಳಿಕ ಒಬ್ಬ ಡಾಕ್ಟರರು ಮೂರ್ಛೆರೋಗವೆಂದು ಗುಳಿಗೆ ಕೊಟ್ಟರು. ಅವುಗಳಿಂದ ನಿದ್ರೆ ಮತ್ತಷ್ಟು ಹೆಚ್ಚಿತು. ಒಂಬತ್ತನೆಯ ಇಯತ್ತೆಯ ಅರ್ಧದಲ್ಲಿ ಅವನು ಶಾಲೆ ಬಿಟ್ಟನು. ನಿಜ ಹೇಳುವುದಾದರೆ, ನನಗೆ ಆಗ ಹಗುರವೆನಿಸಿತು.

2010ರಲ್ಲಿ ನಿಲಂಗಾದ ಒಂದು ಮದುವೆಯಲ್ಲಿ ಅವನೇ ಬಂದು ಕಾಲುಮುಟ್ಟಿ ನಮಸ್ಕರಿಸಿದನು. ಬೆಂಗಳೂರಿನಲ್ಲಿ ಸಂಬಂಧಿಕರ ಅಂಗಡಿಯಲ್ಲಿದ್ದಾಗ ಅವರು ಅವನನ್ನು ನಿಮ್ಹಾನ್ಸ್ ಆಸ್ಪತ್ರೆಗೆ ಕರೆದೊಯ್ದಿದ್ದರು. "ಗುರುಗಳ, ನಾ ಆಗ ಸೋಗ ಮಾಡತಿದ್ದಿಲ್ರಿ. ಇದಕ್ಕೊಂದು ಹೆಸರ ಅದರಿ" ಎಂದನು. ಮಾತಿನಲ್ಲಿ ಸಿಟ್ಟಿರಲಿಲ್ಲ. ಆ ಹೆಸರು ನಾರ್ಕೊಲೆಪ್ಸಿ.

ವಿಜ್ಞಾನದ ಪುಸ್ತಕದಲ್ಲಿ ನಾವು ಕಲಿಸುತ್ತಿದ್ದ, ಆಫ್ರಿಕಾದ ತ್ಸೆತ್ಸೆ ನೊಣದಿಂದ ಬರುವ ನಿದ್ರಾರೋಗ ಇದಲ್ಲ. ಇದು ಅಂಟುವುದಿಲ್ಲ. ಫ್ರಾನ್ಸಿನ ವೈದ್ಯ ಗೆಲಿನೊ ಎಂಬವರು 1880ರಲ್ಲಿಯೇ ಒಬ್ಬ ದ್ರಾಕ್ಷಾರಸದ ವ್ಯಾಪಾರಿಯ ಅವಸ್ಥೆಯನ್ನು ವರ್ಣಿಸಿ ಈ ಹೆಸರಿಟ್ಟರು. ಕಾರಣ ಮಾತ್ರ ನೂರು ವರ್ಷಕ್ಕೂ ಮೀರಿ ತಿಳಿಯಲಿಲ್ಲ. 1998ರಲ್ಲಿ ಎರಡು ಸಂಶೋಧಕ ತಂಡಗಳು ಬೇರೆಬೇರೆಯಾಗಿ ಮಿದುಳಿನ ಒಂದು ರಸವನ್ನು ಕಂಡುಹಿಡಿದವು. ಆದುದರಿಂದಲೇ ಅದಕ್ಕೆ ಒರೆಕ್ಸಿನ್ ಎಂದೂ ಹೈಪೊಕ್ರೆಟಿನ್ ಎಂದೂ ಎರಡು ಹೆಸರು. ಮರುವರ್ಷ ಅಮೇರಿಕೆಯ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು, ಇದೇ ಕಾಯಿಲೆಯುಳ್ಳ ನಾಯಿಗಳಲ್ಲಿ ಈ ರಸವನ್ನು ಗ್ರಹಿಸುವ ವ್ಯವಸ್ಥೆ ಕೆಟ್ಟಿರುವುದನ್ನು ತೋರಿಸಿದರು. 2000ದಲ್ಲಿ, ರೋಗಿಗಳ ಮಿದುಳಿನಲ್ಲಿ ಆ ರಸವನ್ನು ತಯಾರಿಸುವ ಜೀವಕೋಶಗಳೇ ಬಹುತೇಕ ನಾಶವಾಗಿರುವುದು ಗೊತ್ತಾಯಿತು. ಶರೀರದ ರಕ್ಷಣಾಶಕ್ತಿಯೇ ತಪ್ಪಿ ತನ್ನ ಕೋಶಗಳನ್ನು ಕೊಲ್ಲುತ್ತದೆಂದು ಈಗ ಬಲವಾಗಿ ನಂಬಲಾಗಿದೆ. ಹಾಗಾದರೆ 1994ರಲ್ಲಿ ಕಾರಣವನ್ನು ಜಗತ್ತೇ ಅರಿತಿರಲಿಲ್ಲ. ಆದರೆ ಹೆಸರು, ಲಕ್ಷಣ ತಿಳಿದಿದ್ದವು. ಛಡಿ ಹಿಡಿದವನಿಗೆ ಅವು ತಿಳಿದಿರಲಿಲ್ಲ.

ಈ ರಸದ ಕೆಲಸವನ್ನು ನಮ್ಮ ಶಾಲೆಯ ಗಂಟೆ ಬಾರಿಸುವ ಸಿಪಾಯಿಯ ಕೆಲಸಕ್ಕೆ ಹೋಲಿಸಬಹುದು. ಎಚ್ಚರ, ನಿದ್ರೆ, ಕನಸು ಇವು ಮೂರು ತಾಸುಗಳು. ಒಂದು ಮುಗಿಯದೆ ಇನ್ನೊಂದು ಒಳಬರದಂತೆ ಅವನು ಬಾಗಿಲು ಕಾಯುತ್ತಾನೆ. ಆರೋಗ್ಯವಂತನಿಗೆ ನಿದ್ರೆ ಹತ್ತಿ ಸುಮಾರು ಒಂದೂವರೆ ಗಂಟೆಯ ಮೇಲೆ ಕನಸಿನ ನಿದ್ರೆ ಬರುತ್ತದೆ. ಕನಸಿನಲ್ಲಿ ಓಡಿದರೂ ಹಾಸಿಗೆಯಲ್ಲಿ ಕಾಲು ಓಡದಂತೆ ಆಗ ಸ್ನಾಯುಗಳು ಸಡಿಲಾಗಿರುತ್ತವೆ. ಸಿಪಾಯಿ ಇಲ್ಲದ ಶಾಲೆಯಲ್ಲಿ ತಾಸುಗಳು ಬೆರೆತುಹೋಗುವಂತೆ ಈ ರೋಗಿಗೆ ಕನಸಿನ ನಿದ್ರೆ ಕೆಲವೇ ನಿಮಿಷಗಳಲ್ಲಿ ನುಗ್ಗುತ್ತದೆ. ಅದರ ಸಡಿಲಿಕೆ ಎಚ್ಚರದ ಹೊತ್ತಿನಲ್ಲಿ ಬಂದರೆ ಮನುಷ್ಯ ಕುಸಿಯುತ್ತಾನೆ. ಇದಕ್ಕೆ ಕ್ಯಾಟಪ್ಲೆಕ್ಸಿ ಎನ್ನುತ್ತಾರೆ. ನಗು, ಆಶ್ಚರ್ಯ, ಸಿಟ್ಟು ಇದನ್ನು ಎಬ್ಬಿಸುತ್ತವೆ, ನಗುವೇ ಹೆಚ್ಚು. ಬಿದ್ದವನಿಗೆ ಸುತ್ತಲಿನದೆಲ್ಲ ಕೇಳಿಸುತ್ತಿರುತ್ತದೆ. ಪ್ರಜ್ಞೆ ತಪ್ಪುವ ಮೂರ್ಛೆರೋಗಕ್ಕೂ ಇದಕ್ಕೂ ಇರುವ ವ್ಯತ್ಯಾಸ ಇಲ್ಲಿದೆ. ಅಂದು ನಾನು ಆಡಿದ ಮಾತುಗಳೆಲ್ಲವೂ ಅವನಿಗೆ ಕೇಳಿಸಿದ್ದವು. ಆ ಸಡಿಲಿಕೆ ಬಿಡುವ ಮೊದಲೇ ಎಚ್ಚರವಾದರೆ ಕೈಕಾಲು ಆಡುವುದಿಲ್ಲ, ಕನಸಿನ ಆಕೃತಿಗಳು ಕೋಣೆಯಲ್ಲಿಯೇ ನಿಂತಂತೆ ಕಾಣುತ್ತವೆ. ಎದೆಯ ಮೇಲೆ ಕುಳಿತ ದೆವ್ವದ ಮೂಲ ಇದು. ಆರೋಗ್ಯವಂತರಿಗೂ ಒಮ್ಮೊಮ್ಮೆ ಹೀಗಾಗುವುದುಂಟು.

ಕಾಯಿಲೆ ವಿರಳ; ಎರಡು ಸಾವಿರದಿಂದ ನಾಲ್ಕು ಸಾವಿರ ಜನರಲ್ಲಿ ಒಬ್ಬರಿಗೆ ಇರಬಹುದೆಂಬ ಅಂದಾಜಿದೆ. ಹೆಚ್ಚಾಗಿ ಹತ್ತರಿಂದ ಇಪ್ಪತ್ತರ ವಯಸ್ಸಿನಲ್ಲಿ, ಅಂದರೆ ಶಾಲೆಯ ದಿನಗಳಲ್ಲಿಯೇ ಆರಂಭವಾಗುತ್ತದೆ. ಹಾಗೆಂದು ತೂಕಡಿಸುವ ಮಗುವಿಗೆಲ್ಲ ಇದೇ ಎಂದು ಗಾಬರಿಯಾಗಬೇಕಿಲ್ಲ. ರಕ್ತಹೀನತೆ, ಥೈರಾಯ್ಡ್, ಗಂಟಲಿನ ಗಡ್ಡೆಗಳು ಊದಿ ರಾತ್ರಿ ಗೊರಕೆಯೊಂದಿಗೆ ಉಸಿರು ಕಟ್ಟುವುದು, ಈಗಂತೂ ನಡುರಾತ್ರಿಯವರೆಗಿನ ಮೊಬೈಲು, ಇವೇ ಹೆಚ್ಚು. ಸಾಕಷ್ಟು ಮಲಗಿಯೂ ಮೂರು ತಿಂಗಳಿಗೂ ಮೀರಿ ನಿತ್ಯ ಹಗಲು ನಿದ್ರೆ ಬರುತ್ತಿದ್ದರೆ, ಅದರಲ್ಲಿಯೂ ನಕ್ಕಾಗ ಮೊಣಕಾಲು ಸಡಿಲಾಗುತ್ತಿದ್ದರೆ, ನರರೋಗ ತಜ್ಞರನ್ನು ಕಾಣಲೇಬೇಕು. ಹೋಗುವಾಗ ಎರಡು ವಾರ ಮಗು ಮಲಗಿದ, ಎದ್ದ ವೇಳೆಯನ್ನು ಬರೆದಿಟ್ಟ ಹಾಳೆಯನ್ನು ಒಯ್ದರೆ ಅವರಿಗೆ ಬಹಳ ಉಪಯೋಗವಾಗುತ್ತದೆ. ಒಂದು ರಾತ್ರಿ ಪ್ರಯೋಗಾಲಯದಲ್ಲಿ ತಲೆಗೆ ತಂತಿಗಳನ್ನು ಅಂಟಿಸಿ ಮಲಗಿಸುತ್ತಾರೆ. ಮರುದಿನ ಎರಡೆರಡು ತಾಸಿಗೊಮ್ಮೆ ನಾಲ್ಕೈದು ಬಾರಿ ಮಲಗಿಸಿ ಎಷ್ಟು ಬೇಗ ನಿದ್ರೆ ಹತ್ತುತ್ತದೆ, ಅದರಲ್ಲಿ ಕನಸಿನ ನಿದ್ರೆ ಎಷ್ಟು ಬಾರಿ ಬಂತು ಎಂದು ಅಳೆಯುತ್ತಾರೆ. ನೋವಿಲ್ಲ. ಈ ಸೌಲಭ್ಯ ದೊಡ್ಡ ನಗರಗಳಲ್ಲಿದೆ. ಉದ್ಗೀರಿನವರು ಹೈದರಾಬಾದಿನಲ್ಲಿ, ಉಮರ್ಗಾದವರು ಪುಣೆಯಲ್ಲಿಯೂ ವಿಚಾರಿಸಬಹುದು.

ಪೂರ್ತಿ ವಾಸಿಮಾಡುವ ಮದ್ದು ಇಲ್ಲ. ಹಗಲಿನ ಎಚ್ಚರಕ್ಕೆ ಮೊಡಾಫಿನಿಲ್‌ನಂತಹ ಗುಳಿಗೆಗಳೂ, ಕುಸಿಯುವಿಕೆಗೆ ಖಿನ್ನತೆಯಲ್ಲಿ ಕೊಡುವ ಕೆಲವು ಔಷಧಗಳೂ ಉಪಯೋಗವಾಗುತ್ತವೆ. ಎಲ್ಲವೂ ವೈದ್ಯರ ಚೀಟಿಯಂತೆಯೇ. ಔಷಧದಷ್ಟೇ ಮುಖ್ಯವಾದುದು ಹಗಲಿನ ನಿಗದಿತ ವೇಳೆಯಲ್ಲಿ ಹದಿನೈದು ಇಪ್ಪತ್ತು ನಿಮಿಷದ ನಿದ್ರೆ. ಶಾಲೆಯಲ್ಲಿ ಇದಕ್ಕೆ ಬೇಕಾದುದು ಒಂದು ಚಾಪೆ ಮತ್ತು ಮುಖ್ಯಾಧ್ಯಾಪಕರ ಒಪ್ಪಿಗೆ, ಅಷ್ಟೇ. ಬಾವಿಯ ಈಜು, ಮರ ಹತ್ತುವುದು, ರಾಶಿಯ ಯಂತ್ರ, ಮೇವು ಕತ್ತರಿಸುವ ಯಂತ್ರ ಇವುಗಳಿಂದ ದೂರವಿಡಬೇಕು. ಮೋಟಾರು ಸೈಕಲ್ಲಿನ ಮಾತನ್ನು ವೈದ್ಯರೊಡನೆ ಮುಚ್ಚುಮರೆಯಿಲ್ಲದೆ ಆಡಬೇಕು. ಇನ್ನು, ಹೆಣ್ಣುಮಕ್ಕಳಿಗೆ ಇದಿದ್ದರೆ ಮನೆಯವರು ಬಾಯಿ ಬಿಡುವುದಿಲ್ಲ. ರೋಗಿಯ ಮಕ್ಕಳಿಗೆ ಇದು ಬರುವ ಸಂಭವ ನೂರಕ್ಕೆ ಒಂದೆರಡು ಮಾತ್ರ. ಮುಚ್ಚಿಟ್ಟು ಮದುವೆ ಮಾಡಿದರೆ, ಗಂಡನ ಮನೆಯಲ್ಲಿ ಒಲೆಯ ಮುಂದೆ ಕುಸಿಯುವವಳು ಅವಳೇ.

ನನ್ನ ವಿದ್ಯಾರ್ಥಿ ಈಗ ಬಸವಕಲ್ಯಾಣದಲ್ಲಿ ಬಟ್ಟೆಯ ಅಂಗಡಿ ಇಟ್ಟಿದ್ದಾನೆ. ಮದುವೆಗೆ ಮುಂಚೆ ಹುಡುಗಿಗೆ ತಾನೇ ಎಲ್ಲವನ್ನೂ ಹೇಳಿದನಂತೆ. ಅಂಗಡಿಯ ಒಳಕೋಣೆಯಲ್ಲಿ ಒಂದು ಹೊರಸು ಇದೆ. ಮಧ್ಯಾಹ್ನ ಒಂದಕ್ಕೂ ನಾಲ್ಕಕ್ಕೂ ಇಪ್ಪತ್ತು ನಿಮಿಷ ಮಲಗುತ್ತಾನೆ, ಗಲ್ಲೆಯ ಮೇಲೆ ಹೆಂಡತಿ ಕೂಡುತ್ತಾಳೆ. ಜೋರಾಗಿ ನಗು ಬಂದರೆ ಈಗಲೂ ಗೋಡೆ ಹಿಡಿಯುತ್ತಾನೆ. ಈ ಲೇಖನಕ್ಕೆ ಒಪ್ಪಿಗೆ ಕೇಳಲು ನಾನು ಹೋದಾಗ ಒಂದು ಗಂಟೆಯಾಗಿತ್ತು. ಆಕೆ ನನಗೆ ಕುರ್ಚಿ ಹಾಕಿ, "ಕೂಡ್ರಿ ಗುರುಗಳ, ಈಗ ಏಳತಾರ" ಎಂದಳು. ನಾನು ಕುಳಿತೆನು.