ಬಹುವಚನ

ಕಾಯಿಲೆ ಬಿದ್ದ 21 ವರ್ಷದ ತರುಣನನ್ನು ನಮ್ಮ ಮನೆಗಳಲ್ಲಿ ಯಾವ ಪಂಕ್ತಿಯಲ್ಲಿ ಕೂರಿಸಬೇಕು? ಮತ ಹಾಕುವಾಗ ಅವನು ದೊಡ್ಡವನು. ಹಾಸಿಗೆ ಹಿಡಿದೊಡನೆ ಮಗು. ನನ್ನ ತಂಗಿಯ ಮಗನ ಕುತ್ತಿಗೆಯಲ್ಲಿ ಗಂಟೊಂದು ಕಾಣಿಸಿಕೊಂಡು, ಅದು ಹಾಡ್ಜ್‌ಕಿನ್ ಲಿಂಫೋಮಾ ಎಂಬ ಕ್ಯಾನ್ಸರೆಂದು ಗೊತ್ತಾದ ದಿನ, ಅವನನ್ನು ಆಸ್ಪತ್ರೆಯ ಹೊರಗಿನ ಬೆಂಚಿನ ಮೇಲೆ ಕೂರಿಸಿ ಹಿರಿಯರಾದ ನಾವು ಒಳಗೆ ಹೋದೆವು. "ಹುಡುಗನಿಗೆ ಏನೂ ತಿಳಿಸಬೇಡಿ, ಡಾಕ್ಟರೇ, ಸೋಂಕಿನ ಗಡ್ಡೆ ಎಂದುಬಿಡಿ" ಎಂದು ಕೈಮುಗಿದವನು ನಾನೇ, 30 ವರ್ಷ ತರಗತಿಯಲ್ಲಿ ಸತ್ಯದ ಪಾಠ ಹೇಳಿದ ಉಪಾಧ್ಯಾಯ!

ಆ ವೈದ್ಯೆ ನನ್ನನ್ನು ಗದರಲಿಲ್ಲ. "ಔಷಧ ಹೋಗುವುದು ಅವರ ಮೈಗೆ, ಮೇಷ್ಟ್ರೇ. ಅವರನ್ನೂ ಕರೆಯಿರಿ" ಎಂದರು. ನಮ್ಮ ಹುಡುಗನಿಗೆ ಯಾರಾದರೂ ಬಹುವಚನ ಹಚ್ಚಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಅವನು ಬಂದು ಕುಳಿತ ಮೇಲೆ, "ನಿಮಗೆ ಎಷ್ಟು ತಿಳಿಯಬೇಕೆನಿಸುತ್ತದೆ?" ಎಂದು ಕೇಳಿದರು. ಚಿಕಿತ್ಸೆಯ ವಿಷಯವೆಲ್ಲ ಹೇಳಿ, ನೂರಕ್ಕೆ ಇಷ್ಟು ಮಂದಿ ಎಂಬ ಲೆಕ್ಕ ಮಾತ್ರ ಬೇಡವೆಂದ. ಅವರು ಹಾಗೆಯೇ ನಡೆದುಕೊಂಡರು. ಬಳಿಕ ನಮ್ಮನ್ನು ಹೊರಗೆ ಕಳುಹಿಸಿದರು.

ಒಳಗಿನ ಮಾತನ್ನು ಅವನು ನನಗೆ ಹೇಳಿದ್ದು ಎಷ್ಟೋ ದಿನಗಳ ಮೇಲೆ. ಕ್ಯಾನ್ಸರಿನ ಕೆಲವು ಔಷಧಗಳು ಸಂತಾನಶಕ್ತಿಯನ್ನು ಕುಂದಿಸಬಲ್ಲವು. ರೋಗ ಮರುಕಳಿಸಿ ಉಗ್ರತರವಾದ ಔಷಧ ಬೇಕಾದರೆ ಆ ಭಯ ಇನ್ನೂ ಹೆಚ್ಚು. ಆದುದರಿಂದ ಮೊದಲ ಡ್ರಿಪ್ ಏರಿಸುವ ಮುನ್ನವೇ ವೀರ್ಯವನ್ನು ಶೀತಲೀಕರಿಸಿ ಕಾಪಿಡುವುದುಂಟು. ತಂದೆಯ ಎದುರಿಗೆ, ಸೋದರಮಾವನ ಎದುರಿಗೆ, ಯಾವ ಹುಡುಗ ಈ ಮಾತಿಗೆ ತಲೆಯೆತ್ತಿ ಉತ್ತರಿಸಿಯಾನು? ಸೋಂಕಿನ ಗಡ್ಡೆಯ ನನ್ನ ಕಥೆ ನಡೆದುಹೋಗಿದ್ದರೆ ಆ ಪ್ರಶ್ನೆಯೇ ಹುಟ್ಟುತ್ತಿರಲಿಲ್ಲ. ಅವನಿಗೆ ಹುಟ್ಟಬಹುದಾದ ಮಕ್ಕಳ ವಿಷಯವನ್ನು, ಅವನನ್ನು ಕೇಳದೆ, ಪ್ರೀತಿಯ ಹೆಸರಿನಲ್ಲಿ ನಾನು ತೀರ್ಮಾನಿಸಿಬಿಡುತ್ತಿದ್ದೆ.

ಹೀಗೆ ಮುಚ್ಚಿಡುವುದು ನಮ್ಮ ನಾಡಿನ ಗುಣವೆಂದು ಹೇಳುವವರಿದ್ದಾರೆ. ನಾನೊಪ್ಪಲಾರೆ. 1961ರಲ್ಲಿ ಪ್ರಕಟವಾದ ಒಂದು ವಿಚಾರಣೆಯಲ್ಲಿ ಅಮೆರಿಕದ ಶಿಕಾಗೋ ನಗರದ ವೈದ್ಯರಲ್ಲಿ ನೂರಕ್ಕೆ 90 ಮಂದಿ, ಕ್ಯಾನ್ಸರೆಂದು ರೋಗಿಗೆ ಹೇಳದಿರುವುದೇ ಲೇಸೆಂದಿದ್ದರು. 1979ರಲ್ಲಿ ಅಮೆರಿಕದಲ್ಲೇ ಅಂಥದೇ ಪ್ರಶ್ನೆ ಕೇಳಿದಾಗ ನೂರಕ್ಕೆ 97 ಮಂದಿ ಹೇಳಬೇಕೆಂದರು. ನಡುವೆ ಹೊಸ ಔಷಧಗಳು ಬಂದಿದ್ದವು; ಹಾಡ್ಜ್‌ಕಿನ್ ರೋಗವಂತೂ 1960ರ ದಶಕದಿಂದೀಚೆಗೆ ಗುಣವಾಗುವ ಕ್ಯಾನ್ಸರುಗಳ ಸಾಲಿಗೆ ಸೇರಿತು. ಭರವಸೆ ಕೈಯಲ್ಲಿದ್ದಾಗ ನಿಜ ಹೇಳುವುದು ಸುಲಭ. ಅದಿಲ್ಲದಾಗ ಆ ವೈದ್ಯೆ ಏನು ಮಾಡುತ್ತಿದ್ದರೋ, ಕೇಳುವ ಧೈರ್ಯ ನನಗಾಗಲಿಲ್ಲ.

ಎರಡು ವಾರಕ್ಕೊಮ್ಮೆಯಂತೆ ಆರು ತಿಂಗಳು ಅವನೊಡನೆ ಹೋದೆ. ಸರದಿ ಬಂದಾಗ ಕೆಲವು ದಿನ ಅಮ್ಮನನ್ನು ಒಳಗೆ ಕರೆದೊಯ್ಯುತ್ತಿದ್ದ. ಮಿಕ್ಕ ದಿನಗಳಲ್ಲಿ, "ಮಾವ, ನೀವು ಇಲ್ಲೇ ಕೂತಿರಿ" ಎನ್ನುತ್ತಿದ್ದ. ನಾನು ಅದೇ ಬೆಂಚಿನ ಮೇಲೆ ಪತ್ರಿಕೆ ಬಿಡಿಸಿಕೊಂಡು ಕೂರುತ್ತಿದ್ದೆ.